ರೋಲರ್‌ನಿಂದ ಒಳಗೋಡೆಗೆ ಬಣ್ಣ ಬಳಿಯುವುದು ಹೇಗೆ: ಪಟ್ಟೆ ಮತ್ತು ಮಚ್ಚೆಗಳಿಲ್ಲದ ಗೋಡೆಗೆ ಹಂತ ಹಂತದ ಮಾರ್ಗದರ್ಶಿ

ಮನೆಯ ಒಳಗೋಡೆಗಳಿಗೆ ತಾವೇ ಬಣ್ಣ ಬಳಿಯಲು ಹೊರಟ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ರೋಲರ್ ಹಾಯಿಸುವಾಗ ಚೆನ್ನಾಗಿಯೇ ಕಾಣುತ್ತಿದ್ದ ಗೋಡೆಯ ಮೇಲೆ ಬಣ್ಣ ಒಣಗಿದ ಬಳಿಕ ಪಟ್ಟೆಗಳೂ ಮಚ್ಚೆಗಳೂ ಏಕೆ ಮೂಡುತ್ತವೆ? ಹೆಚ್ಚಿನವರು ಬಣ್ಣ ಸರಿಯಿಲ್ಲವೆಂದೋ ತಮ್ಮ ಕೈ ಪಳಗಿಲ್ಲವೆಂದೋ ಭಾವಿಸುತ್ತಾರೆ. ಆದರೆ ಈ ದೋಷದ ಹಿಂದೆ ಸಾಮಾನ್ಯವಾಗಿ ಎರಡೇ ಕಾರಣಗಳಿರುತ್ತವೆ. ಗೋಡೆಯ ಮೈ ಎಲ್ಲೆಡೆ ಒಂದೇ ಸಮನಾಗಿ ಬಣ್ಣ ಹೀರಿಕೊಳ್ಳದಿರುವುದು ಮೊದಲನೆಯದು. ಅರೆಬರೆ ಒಣಗಿದ ಬಣ್ಣದ ಮೇಲೆ ಮತ್ತೆ ರೋಲರ್ ಹಾಯಿಸುವುದು ಎರಡನೆಯದು. ಮುಂದೆ ವಿವರಿಸಿರುವ ಹಂತಗಳಲ್ಲಿ ಬಹುಪಾಲು ಈ ಎರಡನ್ನು ತಪ್ಪಿಸುವುದಕ್ಕಾಗಿಯೇ ಇವೆ. ಅವಸರದಲ್ಲಿರುವವರು ಬಿಟ್ಟುಬಿಡುವುದೂ ಈ ಹಂತಗಳನ್ನೇ.

ಈ ಲೇಖನ ಗಾರೆ ಮಾಡಿದ ಒಳಗೋಡೆಗೆ ಎಮಲ್ಶನ್ ಬಳಿಯುವುದನ್ನು ಕುರಿತದ್ದು. ಎಮಲ್ಶನ್ ಎಂದರೆ ನೀರಿನಲ್ಲಿ ಕಲಸಬಹುದಾದ, ಒಣಗಿದ ಮೇಲೆ ತೆಳುವಾದ ಪ್ಲಾಸ್ಟಿಕ್ ಪೊರೆಯಂತೆ ಗೋಡೆಗೆ ಅಂಟಿಕೊಳ್ಳುವ ಬಣ್ಣ. ಎಣ್ಣೆ ಆಧಾರಿತ ಎನಾಮಲ್ ಬಣ್ಣದ ವಿಷಯವನ್ನು ಅಗತ್ಯವಿದ್ದಲ್ಲಿ ಮಾತ್ರ ಪ್ರಸ್ತಾಪಿಸಿದ್ದೇನೆ.

ಬೇಕಾಗುವ ಸಾಮಗ್ರಿ

ರೋಲರ್‌ನಲ್ಲಿ ಎರಡು ಭಾಗಗಳಿರುತ್ತವೆ: ಹಿಡಿಕೆಯಿರುವ ಕಂಬಿಯ ಚೌಕಟ್ಟು ಮತ್ತು ಅದಕ್ಕೆ ಸಿಕ್ಕಿಸುವ, ಎಳೆಗಳಿಂದ ಹೊದಿಸಿದ ಕೊಳವೆ. ಈ ಕೊಳವೆಯನ್ನು ಸ್ಲೀವ್ ಎನ್ನುತ್ತಾರೆ. ಕೊಳ್ಳುವಾಗ ಎಲ್ಲರೂ ಅಗಲವನ್ನು ನೋಡುತ್ತಾರೆ, ಆದರೆ ಗೋಡೆಯ ಅಂದವನ್ನು ನಿರ್ಧರಿಸುವುದು ಎಳೆಗಳ ಉದ್ದ. ನುಣುಪಾಗಿ ಪುಟ್ಟಿ ಹಚ್ಚಿ ಉಜ್ಜಿದ ಗೋಡೆಗೆ ಸುಮಾರು 6ರಿಂದ 10 ಮಿಲಿಮೀಟರ್ ಉದ್ದದ ಎಳೆ ಸಾಕು. ಸಾಧಾರಣ ಗಾರೆಯ ಗೋಡೆಗೆ 10ರಿಂದ 12 ಮಿಲಿಮೀಟರ್ ಬೇಕಾಗುತ್ತದೆ. ಮರಳು ಎದ್ದು ಕಾಣುವ ಒರಟು ಗೋಡೆಯ ಗುಳಿಗಳೊಳಗೆ ಬಣ್ಣ ಇಳಿಯಬೇಕಾದರೆ 18 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದದ ಎಳೆಗಳೇ ಬೇಕು. ನುಣುಪು ಗೋಡೆಗೆ ಉದ್ದ ಎಳೆಯ ರೋಲರ್ ಬಳಸಿದರೆ ಕಿತ್ತಳೆಯ ಸಿಪ್ಪೆಯಂಥ ಗುಳಿಗುಳಿ ಮೈ ಉಳಿಯುತ್ತದೆ. ಒರಟು ಗೋಡೆಗೆ ಗಿಡ್ಡ ಎಳೆ ಬಳಸಿದರೆ ಗುಳಿಗಳೆಲ್ಲ ಬಣ್ಣ ಕಾಣದೆ ಹಾಗೆಯೇ ಉಳಿಯುತ್ತವೆ.

ಎಳೆ ಯಾವುದರಿಂದ ಮಾಡಿದ್ದು ಎಂಬುದನ್ನೂ ಗಮನಿಸಿ. ಎಮಲ್ಶನ್‌ಗೆ ಪಾಲಿಯೆಸ್ಟರ್ ಅಥವಾ ಮೈಕ್ರೋಫೈಬರ್ ಸ್ಲೀವ್ ಸೂಕ್ತ. ಕುರಿಯ ಉಣ್ಣೆಯ ಸ್ಲೀವ್ ಎಣ್ಣೆ ಬಣ್ಣಕ್ಕೆ ಒಳ್ಳೆಯದಾದರೂ ನೀರಿನ ಬಣ್ಣದಲ್ಲಿ ಅದರ ಎಳೆಗಳು ಒಂದಕ್ಕೊಂದು ಅಂಟಿ ಜಡೆಗಟ್ಟುತ್ತವೆ. ಸ್ಪಂಜಿನ ರೋಲರ್ ಗೋಡೆಯ ಮೇಲೆ ಗುಳ್ಳೆಗಳನ್ನು ಬಿಡುವುದರಿಂದ ಅದನ್ನು ಬಾಗಿಲಿನಂಥ ನುಣುಪು ಮೇಲ್ಮೈಗಳಿಗೆ ಮೀಸಲಿಡುವುದು ಲೇಸು. ತೀರಾ ಅಗ್ಗದ ಸ್ಲೀವ್ ಕೊಳ್ಳಬೇಡಿ ಎಂಬುದು ನನ್ನ ದೃಢವಾದ ಸಲಹೆ. ಅದರಿಂದ ಉದುರುವ ಎಳೆಗಳು ಹಸಿ ಬಣ್ಣದಲ್ಲಿ ಸಿಕ್ಕಿಕೊಳ್ಳುತ್ತವೆ, ಮತ್ತು ಬಣ್ಣ ಒಣಗಿದ ಮೇಲೆ ಅವನ್ನು ತೆಗೆಯಲು ಉಜ್ಜುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಒಂದು ಸಾಧಾರಣ ಕೋಣೆಗೆ 9 ಇಂಚಿನ ಒಂದು ರೋಲರ್, ಬಾಗಿಲ ಹಿಂಭಾಗ ಮತ್ತು ಕಿಟಕಿಯ ಪಕ್ಕದಂಥ ಇಕ್ಕಟ್ಟಿನ ಜಾಗಗಳಿಗೆ 4 ಇಂಚಿನ ಒಂದು ಚಿಕ್ಕ ರೋಲರ್, ಅಂಚುಗಳಿಗೆ 2 ಅಥವಾ 2.5 ಇಂಚಿನ ಬ್ರಷ್ ಸಾಕಾಗುತ್ತವೆ. ಇವುಗಳ ಜೊತೆಗೆ ಇಳಿಜಾರಿನ ಟ್ರೇ, ರೋಲರ್‌ನ ಹಿಡಿಕೆಗೆ ತಿರುಗಿಸಿ ಕೂರಿಸುವ ಉದ್ದ ಕೋಲು, ಪುಟ್ಟಿ ಹಚ್ಚುವ ಅಗಲ ಬ್ಲೇಡು, 120 ಮತ್ತು 220 ಅಂಕಿಯ ಉಜ್ಜುಕಾಗದ, ಮಾಸ್ಕಿಂಗ್ ಟೇಪು, ನೆಲಕ್ಕೆ ಹಾಸಲು ದಪ್ಪ ಬಟ್ಟೆ, ಅಲುಗಾಡದ ಏಣಿ, ಕನ್ನಡಕ ಮತ್ತು ದೂಳು ತಡೆಯುವ ಮುಖಗವಸು ಇರಲಿ. ಉಜ್ಜುಕಾಗದದ ಅಂಕಿ ಹೆಚ್ಚಿದಷ್ಟೂ ಅದರ ಮೈ ನಯವಾಗಿರುತ್ತದೆ. ಇವುಗಳಲ್ಲಿ ಜನ ಅನಗತ್ಯವೆಂದು ಕೈಬಿಡುವುದು ಉದ್ದ ಕೋಲನ್ನು. ಅದಿದ್ದರೆ ನೆಲದ ಮೇಲೆ ನಿಂತೇ ಗೋಡೆಯ ಮೇಲಂಚಿನಿಂದ ಕೆಳಗಿನವರೆಗೆ ಒಂದೇ ಎಳೆತದಲ್ಲಿ ರೋಲರ್ ಹಾಯಿಸಬಹುದು. ಏಣಿ ಹತ್ತಿ ಇಳಿಯುವುದರಲ್ಲಿ ಕಳೆಯುವ ಸಮಯದಲ್ಲೇ ಬಣ್ಣದ ಅಂಚು ಒಣಗಿಬಿಡುತ್ತದೆ.

ಬಣ್ಣ ಎಷ್ಟು ಬೇಕು?

ಕೋಣೆಯ ನಾಲ್ಕು ಗೋಡೆಗಳ ಉದ್ದವನ್ನು ಕೂಡಿಸಿ ಎತ್ತರದಿಂದ ಗುಣಿಸಿ, ಬಾಗಿಲು ಮತ್ತು ಕಿಟಕಿಗಳ ವಿಸ್ತೀರ್ಣವನ್ನು ಕಳೆಯಿರಿ. ಉದಾಹರಣೆಗೆ 4 ಮೀಟರ್ ಉದ್ದ, 3.5 ಮೀಟರ್ ಅಗಲ ಮತ್ತು 3 ಮೀಟರ್ ಎತ್ತರದ ಕೋಣೆಯ ಸುತ್ತಳತೆ 15 ಮೀಟರ್, ಗೋಡೆಗಳ ವಿಸ್ತೀರ್ಣ 45 ಚದರ ಮೀಟರ್. ಬಾಗಿಲು ಮತ್ತು ಕಿಟಕಿಗೆ ಒಟ್ಟು ಸುಮಾರು 4 ಚದರ ಮೀಟರ್ ಕಳೆದರೆ 41 ಉಳಿಯುತ್ತದೆ. ಎರಡು ಕೋಟ್‌ಗೆ 82. ಒಂದು ಲೀಟರ್ ಬಣ್ಣ ಎಷ್ಟು ಜಾಗಕ್ಕೆ ಬರುತ್ತದೆ ಎಂಬುದು ಡಬ್ಬಿಯ ಮೇಲೆ ಅಚ್ಚಾಗಿರುತ್ತದೆ. ಅದು ಒಂದು ಕೋಟ್‌ಗೆ 10 ಚದರ ಮೀಟರ್ ಎಂದಿದ್ದರೆ ನಿಮಗೆ ಸುಮಾರು 8.2 ಲೀಟರ್ ಬೇಕು. ಡಬ್ಬಿಯ ಲೆಕ್ಕ ನುಣುಪು ಗೋಡೆಯನ್ನು ಆಧರಿಸಿದ್ದು, ಒರಟು ಗೋಡೆ ಅದಕ್ಕಿಂತ ಹೆಚ್ಚು ಹೀರುತ್ತದೆ. ಆದ್ದರಿಂದ ಹತ್ತನೆಯ ಒಂದು ಭಾಗ ಹೆಚ್ಚಾಗಿಯೇ ತನ್ನಿ. ಅರ್ಧ ಗೋಡೆಯಲ್ಲಿ ಬಣ್ಣ ಮುಗಿದು ಮತ್ತೊಂದು ಡಬ್ಬಿ ತರಬೇಕಾದರೆ, ಅದೇ ಹೆಸರು ಮತ್ತು ಅದೇ ಸಂಖ್ಯೆಯ ಬಣ್ಣವೂ ಕೂದಲೆಳೆಯಷ್ಟು ಬೇರೆಯಾಗಿರುವ ಸಂಭವವಿದೆ. ಗೋಡೆಯ ಮೇಲೆ ಆ ವ್ಯತ್ಯಾಸ ಎದ್ದು ಕಾಣುತ್ತದೆ.

ಹೊಳಪಿನ ಆಯ್ಕೆಯ ಬಗ್ಗೆಯೂ ಒಂದು ಮಾತು. ಹೊಳಪಿಲ್ಲದ ಮ್ಯಾಟ್ ಬಣ್ಣ ಗೋಡೆಯ ಏರುತಗ್ಗುಗಳನ್ನು ಮರೆಮಾಡುತ್ತದೆ, ಹೊಳಪು ಹೆಚ್ಚಿದಷ್ಟೂ ಅವು ಬಯಲಾಗುತ್ತವೆ. ಮೊದಲ ಬಾರಿಗೆ ಬಣ್ಣ ಬಳಿಯುತ್ತಿರುವವರು ಮಲಗುವ ಕೋಣೆ ಮತ್ತು ನಡುಮನೆಗೆ ಮ್ಯಾಟ್ ಆರಿಸುವುದು ಕ್ಷೇಮ. ಪದೇ ಪದೇ ಒರೆಸಬೇಕಾದ ಅಡುಗೆಮನೆ ಮತ್ತು ಓಣಿಗಳಿಗೆ ಸ್ವಲ್ಪ ಹೊಳಪಿನ ಬಣ್ಣ ಬಾಳಿಕೆ ಬರುತ್ತದೆ.

ಹಂತ 1: ಗೋಡೆಯನ್ನು ಪರೀಕ್ಷಿಸಿ

ಡಬ್ಬಿ ತೆರೆಯುವ ಮುನ್ನ ನಾಲ್ಕು ಸರಳ ಪರೀಕ್ಷೆಗಳನ್ನು ಮಾಡಿ. ಗೋಡೆ ಇವುಗಳಲ್ಲಿ ಒಂದರಲ್ಲಿ ಸೋತರೂ, ಎಷ್ಟೇ ಉತ್ತಮ ಬಣ್ಣ ಬಳಿದರೂ ಅದು ನಿಲ್ಲುವುದಿಲ್ಲ.

ಮೊದಲನೆಯದಾಗಿ, ಅಂಗೈಯಿಂದ ಗೋಡೆಯನ್ನು ಒತ್ತಿ ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿದರೆ ಅದು ಹಳೆಯ ಸುಣ್ಣ ಅಥವಾ ಡಿಸ್ಟೆಂಪರ್. ಡಿಸ್ಟೆಂಪರ್ ಎಂದರೆ ಸೀಮೆಸುಣ್ಣದಂಥ ಪುಡಿಗೆ ಅಂಟು ಸೇರಿಸಿ ಮಾಡುವ ಅಗ್ಗದ ನೀರುಬಣ್ಣ. ಎಮಲ್ಶನ್ ಈ ಪುಡಿಗೆ ಅಂಟಿಕೊಳ್ಳುತ್ತದೆಯೇ ಹೊರತು ಗೋಡೆಗೆ ಅಂಟಿಕೊಳ್ಳುವುದಿಲ್ಲ, ಆದ್ದರಿಂದ ಕೆಲವೇ ತಿಂಗಳುಗಳಲ್ಲಿ ಹಾಳೆ ಹಾಳೆಯಾಗಿ ಏಳತೊಡಗುತ್ತದೆ. ಅಂಥ ಪದರವನ್ನು ನೀರು ಚಿಮುಕಿಸಿ ಬ್ಲೇಡಿನಿಂದ ಕೆರೆದು, ತೊಳೆದು ತೆಗೆಯಲೇಬೇಕು.

ಎರಡನೆಯದಾಗಿ, ಹಳೆಯ ಬಣ್ಣ ಗಟ್ಟಿಯಾಗಿ ಹಿಡಿದಿದೆಯೇ ಎಂದು ನೋಡಿ. ಬ್ಲೇಡಿನಿಂದ ಅದರ ಮೇಲೆ ಅಡ್ಡಡ್ಡ ಮತ್ತು ಉದ್ದುದ್ದ ಕೆಲವು ಗೀರುಗಳನ್ನು ಎಳೆದು, ಗಟ್ಟಿ ಅಂಟುಪಟ್ಟಿಯನ್ನು ಒತ್ತಿ ಹಚ್ಚಿ, ಸರಕ್ಕನೆ ಕೀಳಿ. ಬಣ್ಣದ ಚೂರುಗಳು ಪಟ್ಟಿಯೊಂದಿಗೆ ಬಂದರೆ ಆ ಭಾಗವನ್ನು ಕೆರೆದು ತೆಗೆಯಬೇಕು.

ಮೂರನೆಯದು ತೇವದ ಪರೀಕ್ಷೆ, ಮತ್ತು ನಾಲ್ಕರಲ್ಲಿ ಅತ್ಯಂತ ಮುಖ್ಯವಾದದ್ದು ಇದೇ. ಒಂದು ಚದರ ಅಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಟೇಪಿನಿಂದ ಭದ್ರವಾಗಿ ಅಂಟಿಸಿ 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕಂಡರೆ ಗೋಡೆಯೊಳಗೆ ತೇವವಿದೆ. ಗೋಡೆಯ ಮೇಲೆ ಬಿಳಿಯ ಉಪ್ಪಿನ ಪುಡಿ ಅರಳಿರುವುದು, ಬಣ್ಣ ಗುಳ್ಳೆ ಎದ್ದಿರುವುದು ಸಹ ತೇವದ ಗುರುತುಗಳೇ. ನೀರು ಗೋಡೆಯೊಳಗಿನ ಲವಣಗಳನ್ನು ಕರಗಿಸಿ ಹೊರಗೆ ತಂದು ಮೇಲ್ಮೈಯಲ್ಲಿ ಆರಿಹೋಗುವಾಗ ಆ ಪುಡಿ ಹಿಂದೆ ಉಳಿಯುತ್ತದೆ. ಸೋರುವ ಕೊಳವೆ, ಬಿರುಕು ಬಿಟ್ಟ ಹೊರಗೋಡೆ, ನೆಲದಿಂದ ಏರುವ ತೇವ, ಹೀಗೆ ಮೂಲ ಯಾವುದೇ ಇರಲಿ, ಅದನ್ನು ಸರಿಪಡಿಸಿ ಗೋಡೆ ಒಣಗುವವರೆಗೆ ಬಣ್ಣದ ಮಾತೇ ಬೇಡ. ಹೊಸದಾಗಿ ಗಾರೆ ಮಾಡಿದ ಗೋಡೆಗೂ ಇದೇ ನಿಯಮ ಅನ್ವಯಿಸುತ್ತದೆ. ಸಿಮೆಂಟ್ ಗಾರೆ ಕನಿಷ್ಠ 28 ದಿನಗಳಾದರೂ ಆರಬೇಕು. ತಂಪು ಅಥವಾ ಮಳೆಯ ಕಾಲದಲ್ಲಿ ಇನ್ನೂ ಹೆಚ್ಚು. ಹಸಿ ಗಾರೆಯಲ್ಲಿರುವ ಕ್ಷಾರ ಬಣ್ಣವನ್ನು ಮಂಕಾಗಿಸಿ ಅದರ ಅಂಟುಗುಣವನ್ನು ಕೆಡಿಸುತ್ತದೆ.

ನಾಲ್ಕನೆಯದಾಗಿ, ಕಲೆಗಳನ್ನು ಹುಡುಕಿ. ಕಪ್ಪು ಬೂಷ್ಟು ಇದ್ದರೆ ಒಂದು ಪಾಲು ಬ್ಲೀಚಿಂಗ್ ದ್ರಾವಣಕ್ಕೆ ಮೂರು ಪಾಲು ನೀರು ಬೆರೆಸಿ, ಕೈಗವಸು ಮತ್ತು ಕನ್ನಡಕ ತೊಟ್ಟು, ಕಿಟಕಿಗಳನ್ನು ತೆರೆದಿಟ್ಟು ತೊಳೆಯಿರಿ. ಆ ದ್ರಾವಣಕ್ಕೆ ಆಸಿಡ್ ಅಥವಾ ಅಮೋನಿಯ ಇರುವ ಬೇರೆ ಯಾವ ಶುಚಿಕಾರಕವನ್ನೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ನೀರಿನ ಕಂದು ಕಲೆ, ಹೊಗೆಯ ಮಸಿ, ಶಾಯಿಯ ಗೆರೆಗಳು ಎಷ್ಟು ಕೋಟ್ ಎಮಲ್ಶನ್ ಬಳಿದರೂ ಮೇಲಕ್ಕೆ ಒಸರಿ ಬರುತ್ತವೆ. ಆ ಜಾಗಗಳಿಗೆ ಕಲೆ ತಡೆಯುವ, ಎಣ್ಣೆ ಅಥವಾ ಅರಗಿನ ಆಧಾರದ ಪ್ರೈಮರ್ ಹಚ್ಚಬೇಕು.

ಎಚ್ಚರಿಕೆ: ಹಳೆಯ ಮನೆಗಳ ಬಣ್ಣದಲ್ಲಿ, ಅದರಲ್ಲೂ ಎನಾಮಲ್ ಬಣ್ಣದಲ್ಲಿ, ಸೀಸ ಇರುವ ಸಂಭವವಿದೆ. ಸೀಸದ ದೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಗರ್ಭಿಣಿಯರಿಗೂ ಅಪಾಯಕಾರಿ. ಅನುಮಾನವಿದ್ದರೆ ಬಣ್ಣವನ್ನು ಪರೀಕ್ಷೆ ಮಾಡಿಸಿ. ಸೀಸವಿದೆಯೆಂದು ತಿಳಿದರೆ ಒಣದಾಗಿ ಉಜ್ಜುವುದನ್ನಾಗಲಿ ಬಿಸಿಗಾಳಿಯಿಂದ ಸುಡುವುದನ್ನಾಗಲಿ ಮಾಡಬೇಡಿ, ಆ ಕೆಲಸವನ್ನು ತಿಳಿದವರಿಗೆ ಒಪ್ಪಿಸಿ.

ಹಂತ 2: ಕೋಣೆಯನ್ನು ತೆರವು ಮಾಡಿ

ಸಾಮಾನುಗಳನ್ನು ಹೊರಗೆ ಸಾಗಿಸಿ; ಸಾಗಿಸಲಾಗದವನ್ನು ಕೋಣೆಯ ನಡುವೆ ಸರಿಸಿ ಹೊದಿಕೆ ಹಾಕಿ. ನೆಲಕ್ಕೆ ಪ್ಲಾಸ್ಟಿಕ್‌ಗಿಂತ ದಪ್ಪ ಬಟ್ಟೆ ಮೇಲು, ಏಕೆಂದರೆ ಪ್ಲಾಸ್ಟಿಕ್ ಕಾಲಡಿ ಜಾರುತ್ತದೆ ಮತ್ತು ಅದರ ಮೇಲೆ ಬಿದ್ದ ಬಣ್ಣ ಬಹುಹೊತ್ತು ಹಸಿಯಾಗಿಯೇ ಇದ್ದು ಕಾಲಿಗೆ ಅಂಟಿ ಎಲ್ಲೆಡೆ ಹರಡುತ್ತದೆ. ವಿದ್ಯುತ್ತಿನ ಮುಖ್ಯ ಸ್ವಿಚ್ಚನ್ನು ಆರಿಸಿದ ಬಳಿಕವೇ ಸ್ವಿಚ್‌ಬೋರ್ಡಿನ ಮುಚ್ಚಳಗಳನ್ನು ಬಿಚ್ಚಿ, ತೆರೆದ ಭಾಗವನ್ನು ಟೇಪಿನಿಂದ ಮುಚ್ಚಿ. ಗೋಡೆಯ ಮೊಳೆಗಳನ್ನು ಕೀಳಿ. ಚಾವಣಿಗೂ ಬಣ್ಣ ಬಳಿಯುವುದಿದ್ದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಗೋಡೆ, ಕೊನೆಗೆ ಬಾಗಿಲು ಮತ್ತು ಕಿಟಕಿ.

ಹಂತ 3: ಬಿರುಕು ಮುಚ್ಚಿ, ಉಜ್ಜಿ, ದೂಳು ತೆಗೆಯಿರಿ

ಕೂದಲೆಳೆಯಂಥ ಬಿರುಕಿನ ಮೇಲೆ ನೇರವಾಗಿ ಪುಟ್ಟಿ ಸವರಿದರೆ ಅದು ಒಳಗಿಳಿಯದೆ ಸ್ವಲ್ಪ ದಿನದಲ್ಲೇ ಉದುರುತ್ತದೆ. ಬ್ಲೇಡಿನ ಮೂಲೆಯಿಂದ ಬಿರುಕನ್ನು ಸ್ವಲ್ಪ ಅಗಲಿಸಿ, ಸಡಿಲ ಗಾರೆಯನ್ನು ಕೆರೆದು, ದೂಳು ಊದಿ, ಚೂರು ನೀರು ಚಿಮುಕಿಸಿ, ಆಮೇಲೆ ಪುಟ್ಟಿಯನ್ನು ಒತ್ತಿ ತುಂಬಿ. ಪುಟ್ಟಿ ಎಂದರೆ ಗೋಡೆಯ ತಗ್ಗುಗಳನ್ನು ತುಂಬಿ ಮೈಯನ್ನು ನಯಗೊಳಿಸುವ ಬಿಳಿಯ ಲೇಪ. ಆಳವಾದ ತೂತನ್ನು ಒಂದೇ ಬಾರಿಗೆ ತುಂಬಬೇಡಿ. ದಪ್ಪ ಪದರ ಒಣಗುವಾಗ ಕುಗ್ಗಿ ಮತ್ತೆ ಬಿರುಕು ಬಿಡುತ್ತದೆ. ತೆಳುವಾಗಿ ಎರಡು ಮೂರು ಬಾರಿ ಹಚ್ಚಿ, ಪ್ರತಿ ಪದರವೂ ಒಣಗಲು ಬಿಡಿ.

ಪುಟ್ಟಿ ಒಣಗಿದ ಮೇಲೆ ಮೊದಲು 120, ಆಮೇಲೆ 220 ಅಂಕಿಯ ಕಾಗದದಿಂದ ಉಜ್ಜಿ. ಕಣ್ಣಿಗೆ ಕಾಣದ ಏರುತಗ್ಗುಗಳನ್ನು ಹಿಡಿಯಲು ಒಂದು ಉಪಾಯವಿದೆ: ಕೋಣೆಯನ್ನು ಕತ್ತಲು ಮಾಡಿ, ಬ್ಯಾಟರಿಯನ್ನು ಗೋಡೆಗೆ ತಾಗಿಸಿದಂತೆ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿ. ಪ್ರತಿಯೊಂದು ಉಬ್ಬಿಗೂ ನೆರಳು ಬೀಳುತ್ತದೆ. ಹೊಳಪಿನ ಹಳೆಯ ಎನಾಮಲ್ ಗೋಡೆಯಾದರೆ ಹೊಳಪು ಪೂರ್ತಿ ಹೋಗುವಂತೆ ಉಜ್ಜಿ ಮಂಕಾಗಿಸಬೇಕು. ಇಲ್ಲದಿದ್ದರೆ ಹೊಸ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಉಜ್ಜಿದ ದೂಳನ್ನು ಗುಡಿಸಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ಅಡುಗೆಮನೆಯ ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು, ಶುದ್ಧ ನೀರಿನಿಂದ ಮತ್ತೊಮ್ಮೆ ಒರೆಸಿ. ಈ ತೊಳೆಯುವಿಕೆಯನ್ನು ಉಜ್ಜುವುದಕ್ಕೆ ಮುಂಚೆಯೇ ಮಾಡಬೇಕು. ತಡವಾದರೆ ಉಜ್ಜುಕಾಗದವೇ ಜಿಡ್ಡನ್ನು ಗೋಡೆಯೊಳಕ್ಕೆ ಒತ್ತುತ್ತದೆ.

ಹಂತ 4: ಪ್ರೈಮರ್

ಪ್ರೈಮರ್ ಎಂದರೆ ಬಣ್ಣಕ್ಕೂ ಗೋಡೆಗೂ ನಡುವಿನ ಮೊದಲ ಲೇಪ. ಅದು ಗೋಡೆಯ ಹೀರುವಿಕೆಯನ್ನು ಎಲ್ಲೆಡೆ ಒಂದೇ ಸಮ ಮಾಡಿ ಬಣ್ಣಕ್ಕೆ ಹಿಡಿತ ಕೊಡುತ್ತದೆ. ಹಣ ಉಳಿಸಲೆಂದು ಇದನ್ನು ಬಿಡುವವರು ಬಹಳ, ಆದರೆ ಪ್ರೈಮರ್ ಇಲ್ಲದ ಪುಟ್ಟಿಯ ತೇಪೆ ಬಣ್ಣದ ನೀರನ್ನು ಥಟ್ಟನೆ ಹೀರಿಕೊಂಡು ಸುತ್ತಲಿನ ಗೋಡೆಗಿಂತ ಮಂಕಾಗಿ ಕಾಣುತ್ತದೆ. ಆ ಮಚ್ಚೆಗಳನ್ನು ಮುಚ್ಚಲು ಮೂರನೆಯ, ನಾಲ್ಕನೆಯ ಕೋಟ್ ಬಳಿಯಬೇಕಾಗಿ, ಉಳಿಸಿದ್ದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ಹೊಸ ಗೋಡೆಗೆ ಮತ್ತು ಹಳೆಯ ಬಣ್ಣ ಕೆರೆದ ಗೋಡೆಗೆ ಪೂರ್ತಿ ಪ್ರೈಮರ್ ಬೇಕು. ಹಳೆಯ ಎಮಲ್ಶನ್ ಗಟ್ಟಿಯಾಗಿದ್ದು ಹೊಸ ಬಣ್ಣವೂ ಅದೇ ಛಾಯೆಯದಾಗಿದ್ದರೆ ಪುಟ್ಟಿ ಹಚ್ಚಿದ ಜಾಗಗಳಿಗಷ್ಟೇ ಸಾಕು. ಕಡುಗೆಂಪು ಅಥವಾ ಗಾಢ ಹಳದಿಯಂಥ ಬಣ್ಣಗಳ ಮರೆಮಾಡುವ ಶಕ್ತಿ ಕಡಿಮೆ. ಅವುಗಳ ಕೆಳಗೆ ತಕ್ಕ ಛಾಯೆ ಬೆರೆಸಿದ ಪ್ರೈಮರ್ ಬಳಿದರೆ ಕೋಟ್‌ಗಳ ಸಂಖ್ಯೆ ತಗ್ಗುತ್ತದೆ.

ಹಂತ 5: ಬಣ್ಣವನ್ನೂ ರೋಲರನ್ನೂ ಸಿದ್ಧಪಡಿಸಿ

ಡಬ್ಬಿಯ ತಳದಲ್ಲಿ ಕೂತ ಗಟ್ಟಿ ಭಾಗ ಪೂರ್ತಿ ಮೇಲೆದ್ದು ಬೆರೆಯುವವರೆಗೆ ಅಗಲವಾದ ಕೋಲಿನಿಂದ ಕಲಸಿ. ಒಂದಕ್ಕಿಂತ ಹೆಚ್ಚು ಡಬ್ಬಿಗಳಿದ್ದರೆ ಎಲ್ಲವನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಿ, ಛಾಯೆಯ ಸಣ್ಣ ವ್ಯತ್ಯಾಸಗಳು ಇಲ್ಲವಾಗುತ್ತವೆ. ನೀರನ್ನು ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಮಾತ್ರ ಅಳೆದು ಬೆರೆಸಿ, ಮತ್ತು ಪ್ರತಿ ಬಾರಿಯೂ ಅದೇ ಅಳತೆಯನ್ನು ಪಾಲಿಸಿ. ಕಣ್ಣಂದಾಜಿನಲ್ಲಿ ನೀರು ಸುರಿಯುವುದರಿಂದ ಒಂದು ಗೋಡೆ ದಟ್ಟವಾಗಿಯೂ ಇನ್ನೊಂದು ಪೇಲವವಾಗಿಯೂ ಕಾಣುತ್ತದೆ. ನೀರು ಹೆಚ್ಚಾದ ಬಣ್ಣ ಸೋರುವುದಲ್ಲದೆ ಬಾಳಿಕೆಯನ್ನೂ ಕಳೆದುಕೊಳ್ಳುತ್ತದೆ.

ಹೊಸ ಸ್ಲೀವನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಇಲ್ಲವೇ ಅದರ ಸುತ್ತ ಮಾಸ್ಕಿಂಗ್ ಟೇಪು ಸುತ್ತಿ ಕಿತ್ತು ಸಡಿಲ ಎಳೆಗಳನ್ನು ತೆಗೆಯಿರಿ. ಎಮಲ್ಶನ್ ಬಳಿಯುವ ಮುನ್ನ ಸ್ಲೀವನ್ನು ನೀರಿನಲ್ಲಿ ಅದ್ದಿ, ನೀರು ತೊಟ್ಟಿಕ್ಕದಂತೆ ಹಿಂಡಿಕೊಳ್ಳಿ. ತುಸು ತೇವವಿರುವ ಎಳೆ ಬಣ್ಣವನ್ನು ಸಮವಾಗಿ ಹೀರುತ್ತದೆ, ಕೆಲಸ ಮುಗಿದ ಮೇಲೆ ತೊಳೆಯುವುದೂ ಸುಲಭ.

ಟ್ರೇಯ ತಗ್ಗಿನಲ್ಲಿ ಮಾತ್ರ ಬಣ್ಣ ಸುರಿಯಿರಿ, ಇಳಿಜಾರು ಖಾಲಿಯಿರಲಿ. ರೋಲರನ್ನು ಬಣ್ಣದಲ್ಲಿ ಮುಳುಗಿಸಬೇಡಿ. ಅದರ ಅರ್ಧದಷ್ಟು ಅದ್ದಿ, ಇಳಿಜಾರಿನ ಗೀರುಗಳ ಮೇಲೆ ಹಲವು ಬಾರಿ ಹಿಂದೆ ಮುಂದೆ ಉರುಳಿಸಿ. ಎಳೆಗಳೆಲ್ಲ ತುಂಬಿರಬೇಕು, ಆದರೆ ಎತ್ತಿ ಹಿಡಿದಾಗ ಹನಿ ಬೀಳಬಾರದು. ಮೊದಲ ಸಲ ಸ್ಲೀವ್ ಬಣ್ಣ ತುಂಬಿಕೊಳ್ಳಲು ನಾಲ್ಕೈದು ಬಾರಿ ಅದ್ದಬೇಕಾಗುತ್ತದೆ.

ಹಂತ 6: ಬ್ರಷ್‌ನಿಂದ ಅಂಚು ಕಟ್ಟಿ

ರೋಲರ್ ಮೂಲೆಗಳೊಳಗೆ ಹೋಗಲಾರದು. ಆದ್ದರಿಂದ ಚಾವಣಿಯ ಕೆಳಗೆ, ಗೋಡೆಗಳು ಕೂಡುವ ಮೂಲೆಗಳಲ್ಲಿ, ಬಾಗಿಲಿನ ಚೌಕಟ್ಟು ಮತ್ತು ಸ್ವಿಚ್‌ಬೋರ್ಡುಗಳ ಸುತ್ತ ಸುಮಾರು 2 ಇಂಚು ಅಗಲಕ್ಕೆ ಮೊದಲು ಬ್ರಷ್‌ನಿಂದ ಬಳಿಯಬೇಕು. ಇದನ್ನೇ ಅಂಚು ಕಟ್ಟುವುದು ಎನ್ನುತ್ತೇವೆ. ಇಲ್ಲಿ ಬಹುತೇಕರು ಮಾಡುವ ತಪ್ಪೆಂದರೆ ಇಡೀ ಕೋಣೆಯ ಅಂಚುಗಳನ್ನೆಲ್ಲ ಮೊದಲು ಮುಗಿಸಿ, ಆಮೇಲೆ ರೋಲರ್ ಕೈಗೆತ್ತಿಕೊಳ್ಳುವುದು. ಅಷ್ಟರಲ್ಲಿ ಅಂಚಿನ ಬಣ್ಣ ಒಣಗಿರುತ್ತದೆ, ರೋಲರ್‌ನ ಬಣ್ಣ ಅದರೊಂದಿಗೆ ಬೆರೆಯದೆ ಗೋಡೆಯ ಸುತ್ತ ಚಿತ್ರಕ್ಕೆ ಚೌಕಟ್ಟು ಹಾಕಿದಂತೆ ಗಾಢ ಪಟ್ಟೆ ಉಳಿಯುತ್ತದೆ. ಒಂದು ಸಲಕ್ಕೆ ಒಂದೇ ಗೋಡೆಯ ಅಂಚು ಕಟ್ಟಿ, ಅದು ಹಸಿಯಿರುವಾಗಲೇ ಆ ಗೋಡೆಗೆ ರೋಲರ್ ಹಾಯಿಸಿ. ಇಬ್ಬರಿದ್ದರೆ ಒಬ್ಬರು ಬ್ರಷ್ ಹಿಡಿದು ಮುಂದೆ ಸಾಗಿ, ಇನ್ನೊಬ್ಬರು ರೋಲರ್ ಹಿಡಿದು ಹಿಂಬಾಲಿಸುವುದು ಎಲ್ಲಕ್ಕಿಂತ ಉತ್ತಮ. ಬ್ರಷ್‌ನ ಗೆರೆಗಳು ದಪ್ಪವಾಗಿ ನಿಲ್ಲದಂತೆ ಅಂಚಿನ ಬಣ್ಣವನ್ನು ಗೋಡೆಯ ಕಡೆಗೆ ತೆಳ್ಳಗೆ ಎಳೆದು ಬಿಡಿ.

ಹಂತ 7: ರೋಲರ್ ಹಾಯಿಸಿ

ಇಡೀ ಕೆಲಸದ ಗುಟ್ಟು ‘ಹಸಿ ಅಂಚು’ ಉಳಿಸಿಕೊಳ್ಳುವುದರಲ್ಲಿದೆ. ಈಗಷ್ಟೇ ಬಳಿದ ಭಾಗದ ಕೊನೆ ಒಣಗುವ ಮೊದಲೇ ಪಕ್ಕದ ಭಾಗವನ್ನು ಬಳಿದು ಎರಡನ್ನೂ ಒಂದಾಗಿಸುವುದೇ ಇದರ ಅರ್ಥ. ಹಸಿಗೆ ಹಸಿ ಕೂಡಿದರೆ ಸಂದು ಕಾಣುವುದಿಲ್ಲ. ಒಣಗಿದ್ದಕ್ಕೆ ಹಸಿ ಕೂಡಿದರೆ ಅಲ್ಲಿ ಎರಡು ಪದರ ಸೇರಿ ಪಟ್ಟೆಯಾಗುತ್ತದೆ. ಎಮಲ್ಶನ್‌ನ ಅಂಚು ಕೆಲವೇ ನಿಮಿಷಗಳಲ್ಲಿ ಒಣಗತೊಡಗುತ್ತದೆ. ಆದ್ದರಿಂದ ಬಳಿಯುವಾಗ ಫ್ಯಾನ್ ಆರಿಸಿ, ಗೋಡೆಯ ಮೇಲೆ ನೇರ ಬಿಸಿಲು ಬೀಳುವ ಹೊತ್ತನ್ನು ತಪ್ಪಿಸಿ. ಕಿಟಕಿಗಳನ್ನು ಗಾಳಿಯಾಡುವಷ್ಟು ತೆರೆದಿಟ್ಟರೆ ಸಾಕು. ಗೋಡೆಯನ್ನು ಆರಂಭಿಸಿದ ಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಲ್ಲಿಸದೆ ಮುಗಿಸಿ. ವಿರಾಮ ಬೇಕಿದ್ದರೆ ಮೂಲೆಯಲ್ಲಿ ತೆಗೆದುಕೊಳ್ಳಿ, ಗೋಡೆಯ ನಡುವೆ ಬೇಡ.

ಕಿಟಕಿಯ ಬೆಳಕು ಬರುವ ಕಡೆಯ ಮೂಲೆಯಿಂದ ಆರಂಭಿಸಿದರೆ ಹಸಿ ಬಣ್ಣ ಬೆಳಕಿನಲ್ಲಿ ಮಿನುಗಿ, ಬಿಟ್ಟುಹೋದ ಜಾಗಗಳು ಕೂಡಲೇ ಗೊತ್ತಾಗುತ್ತವೆ. ಸುಮಾರು ಒಂದು ಮೀಟರ್ ಅಗಲದ ಪಟ್ಟಿಯನ್ನು ಒಂದು ಸಲದ ಕೆಲಸವೆಂದು ಎಣಿಸಿಕೊಳ್ಳಿ. ತುಂಬಿದ ರೋಲರನ್ನು ಮೂಲೆಗೇ ತಾಗಿಸದೆ ಅದರಿಂದ ಒಂದಿಷ್ಟು ಈಚೆಗೆ ಇಟ್ಟು, ಮೊದಲ ಎಳೆತವನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಿರಿ. ಹಾಗೆ ಮಾಡಿದರೆ ಹೆಚ್ಚಿನ ಬಣ್ಣ ಸೋರಿ ಇಳಿಯುವುದಿಲ್ಲ. ಆಮೇಲೆ ರೋಲರ್ ಎತ್ತದೆ ಓರೆಯಾಗಿ ಮೇಲೆ ಕೆಳಗೆ ಅಂಕುಡೊಂಕಾಗಿ ಉರುಳಿಸಿ ಬಣ್ಣವನ್ನು ಪಟ್ಟಿಯ ತುಂಬ ಹಂಚಿ. ಅನಂತರ ನಡುವೆ ಉಳಿದ ಖಾಲಿ ಜಾಗಗಳನ್ನು ಅಡ್ಡಡ್ಡ ಹಾಯಿಸಿ ತುಂಬಿ.

ಕೊನೆಯದು ಸವರುವ ಎಳೆತ. ಹೊಸದಾಗಿ ಬಣ್ಣ ಅದ್ದದೆ, ರೋಲರ್‌ನ ಭಾರವೊಂದನ್ನೇ ಗೋಡೆಯ ಮೇಲೆ ಬಿಟ್ಟು, ಚಾವಣಿಯಿಂದ ನೆಲದವರೆಗೆ ನೇರವಾಗಿ ಎಳೆಯಿರಿ. ಪ್ರತಿ ಎಳೆತವೂ ಹಿಂದಿನದರ ಮೇಲೆ ರೋಲರ್‌ನ ಅರ್ಧ ಅಗಲದಷ್ಟು ಹಾಯಲಿ, ಎಲ್ಲವೂ ಒಂದೇ ದಿಕ್ಕಿನಲ್ಲಿರಲಿ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋದರೆ ಎಳೆಗಳು ಬಿಡುವ ಗುರುತಿನ ದಿಕ್ಕು ಬದಲಾಗಿ, ಓರೆ ಬೆಳಕಿನಲ್ಲಿ ಗೋಡೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಇದು ಮುಗಿದ ಕೂಡಲೇ ಪಕ್ಕದ ಒಂದು ಮೀಟರ್‌ಗೆ ಸರಿದು, ಹೊಸ ಬಣ್ಣವನ್ನು ಒಣ ಜಾಗದಲ್ಲಿ ಇಟ್ಟು, ಅಲ್ಲಿಂದ ಹಸಿ ಅಂಚಿನ ಕಡೆಗೆ ಉರುಳಿಸಿ ಕೂಡಿಸಿ.

ಒತ್ತಬೇಡಿ. ರೋಲರ್‌ನಲ್ಲಿ ಬಣ್ಣ ಕಡಿಮೆಯಾದಾಗ ಅದನ್ನು ಗೋಡೆಗೆ ಒತ್ತಿ ಉಳಿದದ್ದನ್ನು ಹಿಂಡಲು ಕೈ ತಾನಾಗಿಯೇ ಹೋಗುತ್ತದೆ. ಒತ್ತಿದಾಗ ಬಣ್ಣ ರೋಲರ್‌ನ ಎರಡು ತುದಿಗಳಿಂದ ಹೊರಬಂದು ದಪ್ಪ ಗೆರೆಗಳಾಗಿ ನಿಲ್ಲುತ್ತದೆ. ಕೀರಲು ಸದ್ದು, ಎಳೆತಕ್ಕೆ ತಡೆ, ಅಥವಾ ಕೆಳಗಿನ ಗೋಡೆ ಇಣುಕುವುದು ಕಂಡರೆ ರೋಲರ್ ಮತ್ತೆ ಬಣ್ಣ ಕೇಳುತ್ತಿದೆ ಎಂದರ್ಥ. ಅತಿ ವೇಗವೂ ಬೇಡ, ಅದರಿಂದ ಬಣ್ಣ ಸಿಡಿಯುತ್ತದೆ, ಗುಳ್ಳೆ ಏಳುತ್ತದೆ.

ಇನ್ನು ಅತಿ ಕಷ್ಟದ ಸಂಯಮ: ಹತ್ತು ನಿಮಿಷದ ಹಿಂದೆ ಬಳಿದ ಜಾಗದಲ್ಲಿ ಬಿಟ್ಟುಹೋದ ಚುಕ್ಕೆಯೊಂದು ಕಂಡರೆ ಅದನ್ನು ಈಗ ಮುಟ್ಟಬೇಡಿ. ಅರೆ ಒಣಗಿದ ಪೊರೆಯ ಮೇಲೆ ರೋಲರ್ ಹಾಯಿಸಿದರೆ ಅದು ಸುಲಿದು ಬಂದು, ಸಣ್ಣ ಚುಕ್ಕೆಯ ಜಾಗದಲ್ಲಿ ಅಂಗೈಯಗಲದ ಮಚ್ಚೆ ಉಳಿಯುತ್ತದೆ. ಎರಡನೆಯ ಕೋಟ್ ಅದನ್ನು ಮುಚ್ಚುತ್ತದೆ.

ಹಂತ 8: ಎರಡನೆಯ ಕೋಟ್

ಎಮಲ್ಶನ್‌ನ ಎರಡು ಕೋಟ್‌ಗಳ ನಡುವೆ ಸಾಮಾನ್ಯವಾಗಿ 4ರಿಂದ 6 ಗಂಟೆಗಳ ಅಂತರ ಬೇಕು. ಡಬ್ಬಿಯ ಸೂಚನೆ ಹೆಚ್ಚು ಕೇಳಿದರೆ ಅದನ್ನೇ ಪಾಲಿಸಿ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನಗಳಲ್ಲಿ ಮರುದಿನದವರೆಗೆ ಕಾಯುವುದು ಜಾಣತನ. ಮುಟ್ಟಿದರೆ ಕೈಗೆ ಅಂಟದಿರುವುದೊಂದೇ ಸಾಕಾಗುವುದಿಲ್ಲ, ಕೆಳಪದರವೂ ಗಟ್ಟಿಯಾಗಿರಬೇಕು. ಮೊದಲ ಕೋಟ್ ಒಣಗಿದ ಮೇಲೆ ಗೋಡೆ ಮಚ್ಚೆಮಚ್ಚೆಯಾಗಿ ಕಂಡರೆ ಗಾಬರಿ ಬೇಡ, ಅದು ಸಹಜ. ಎದ್ದ ಎಳೆ ಮತ್ತು ಕಣಗಳನ್ನು 220 ಅಂಕಿಯ ಕಾಗದದಿಂದ ಹಗುರವಾಗಿ ಉಜ್ಜಿ, ದೂಳು ಒರೆಸಿ, ಅಂಚು ಕಟ್ಟುವುದರಿಂದ ಹಿಡಿದು ಎಲ್ಲವನ್ನೂ ಇನ್ನೊಮ್ಮೆ ಮಾಡಿ. ಒಂದೇ ದಪ್ಪ ಕೋಟ್‌ನಲ್ಲಿ ಮುಗಿಸುವ ಆಸೆಗೆ ಬೀಳಬೇಡಿ. ದಪ್ಪ ಬಣ್ಣ ಮೇಲೆ ಪೊರೆಗಟ್ಟಿ ಒಳಗೆ ಹಸಿಯಾಗಿಯೇ ಉಳಿದು ಸೋರುತ್ತದೆ ಅಥವಾ ಸುಕ್ಕುಗಟ್ಟುತ್ತದೆ.

ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟ್ ಇನ್ನೂ ತುಸು ಹಸಿಯಿರುವಾಗಲೇ, ಓರೆಯಾಗಿ, ನಿಧಾನಕ್ಕೆ ಎಳೆದು ತೆಗೆಯಿರಿ. ಪೂರ್ತಿ ಒಣಗಿಬಿಟ್ಟಿದ್ದರೆ ಟೇಪಿನ ಅಂಚಿನುದ್ದಕ್ಕೂ ಹರಿತವಾದ ಬ್ಲೇಡಿನಿಂದ ಗೀರಿ, ಆಮೇಲೆ ತೆಗೆಯಿರಿ. ಇಲ್ಲವಾದರೆ ಟೇಪಿನೊಂದಿಗೆ ಬಣ್ಣವೂ ಕಿತ್ತು ಬರುತ್ತದೆ.

ದೋಷ ಕಂಡರೆ ಏನು ಮಾಡಬೇಕು?

ಗೆರೆಯಾಗಿ ಇಳಿದ ಬಣ್ಣ ಹಸಿಯಿದ್ದರೆ ಖಾಲಿ ರೋಲರ್‌ನಿಂದ ಒಮ್ಮೆ ಸವರಿ. ಒಣಗಿದ್ದರೆ ಪೂರ್ತಿ ಗಟ್ಟಿಯಾಗಲು ಬಿಟ್ಟು, ಉಜ್ಜಿ ಮಟ್ಟ ಮಾಡಿ, ಆ ಗೋಡೆಗೆ ಇನ್ನೊಂದು ಕೋಟ್ ಕೊಡಿ. ರೋಲರ್‌ನ ತುದಿಯ ಗೆರೆಗಳಿಗೂ ಇದೇ ಚಿಕಿತ್ಸೆ. ಮಂಕು ಮಚ್ಚೆಗಳು ಎರಡು ಕೋಟ್‌ನ ಬಳಿಕವೂ ಉಳಿದರೆ ಆ ಜಾಗಕ್ಕೆ ಪ್ರೈಮರ್ ಹಚ್ಚಿ, ಅನಂತರ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಇಡೀ ಗೋಡೆಯನ್ನೇ ಬಳಿಯಬೇಕು. ಮಚ್ಚೆಯಷ್ಟನ್ನೇ ಬಳಿದರೆ ಅದರ ಸುತ್ತ ಹೊಸ ಅಂಚು ಹುಟ್ಟಿಕೊಳ್ಳುತ್ತದೆ. ಬಣ್ಣ ಹಾಳೆಯಾಗಿ ಸುಲಿಯುತ್ತಿದ್ದರೆ ಮೇಲೆ ಏನೇ ಹಚ್ಚಿದರೂ ವ್ಯರ್ಥ; ಕೆರೆದು ತೆಗೆದು ಮೊದಲ ಹಂತದ ಪರೀಕ್ಷೆಗಳಿಂದ ಪುನಃ ಆರಂಭಿಸಬೇಕಾಗುತ್ತದೆ.

ಕೆಲಸದ ನಡುವಿನ ವಿರಾಮ ಮತ್ತು ಶುಚಿ

ಒಂದೆರಡು ಗಂಟೆ ಬಿಡುವು ಬೇಕಾದರೆ ರೋಲರನ್ನು ತೊಳೆಯುವ ಅಗತ್ಯವಿಲ್ಲ. ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ನೆರಳಿನಲ್ಲಿಡಿ. ದಿನದ ಕೊನೆಯಲ್ಲಿ ಸ್ಲೀವ್‌ನಲ್ಲಿರುವ ಬಣ್ಣವನ್ನು ಬ್ಲೇಡಿನ ಬೆನ್ನಿನಿಂದ ಡಬ್ಬಿಗೆ ಕೆರೆದು ಹಾಕಿ, ನೀರು ತಿಳಿಯಾಗುವವರೆಗೆ ತೊಳೆದು, ಎಳೆಗಳು ಚಪ್ಪಟೆಯಾಗದಂತೆ ನೆಟ್ಟಗೆ ನಿಲ್ಲಿಸಿ ಒಣಗಿಸಿ. ತೊಳೆದ ನೀರನ್ನು ಮಳೆನೀರಿನ ಚರಂಡಿಗಾಗಲಿ ಗಿಡಗಳ ಬುಡಕ್ಕಾಗಲಿ ಸುರಿಯಬೇಡಿ. ಎನಾಮಲ್ ಬಳಸಿದ್ದರೆ ನೀರಿನ ಬದಲು ಟರ್ಪೆಂಟೈನ್ ಬೇಕಾಗುತ್ತದೆ. ಎಣ್ಣೆ ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು. ಕೆಲವು ಎಣ್ಣೆಗಳು ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಸಿಕ್ಕಿಕೊಂಡು ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅವನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿದ ಮೇಲೆಯೇ ವಿಲೇವಾರಿ ಮಾಡಿ.

ಉಳಿದ ಬಣ್ಣವನ್ನು ನೀರು ಬೆರೆಸದ ಸ್ಥಿತಿಯಲ್ಲಿ, ಮುಚ್ಚಳ ಬಿಗಿಮಾಡಿ, ಬಿಸಿಲು ತಾಗದ ಜಾಗದಲ್ಲಿಡಿ. ಡಬ್ಬಿಯ ಮೇಲೆ ಕೋಣೆಯ ಹೆಸರು, ಬಣ್ಣದ ಸಂಖ್ಯೆ ಮತ್ತು ಬಳಿದ ದಿನಾಂಕ ಬರೆದಿಟ್ಟರೆ ಮುಂದೆ ಗೀರು ಬಿದ್ದಾಗ ನೆರವಾಗುತ್ತದೆ. ಅಂಥ ತೇಪೆಯನ್ನು ಅದೇ ಬಗೆಯ ಎಳೆಯ ಚಿಕ್ಕ ರೋಲರ್‌ನಿಂದಲೇ ಹಚ್ಚಿ, ಬ್ರಷ್‌ನಿಂದ ಹಚ್ಚಿದರೆ ಮೈ ಬೇರೆಯಾಗಿ ಎದ್ದು ಕಾಣುತ್ತದೆ. ಹೊಸ ಗೋಡೆ ಕೆಲವು ಗಂಟೆಗಳಲ್ಲಿ ಒಣಗಿದಂತೆ ಕಂಡರೂ ಬಣ್ಣದ ಪೊರೆ ಪೂರ್ಣ ಗಟ್ಟಿಯಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಗೋಡೆಯನ್ನು ತೊಳೆಯುವುದು, ಅಂಟುಪಟ್ಟಿ ಹಚ್ಚುವುದು, ಬೀರು ಅಥವಾ ಮಂಚವನ್ನು ತಾಗಿಸಿ ಇಡುವುದು ಬೇಡ.